ಮೊಳೆತರಷ್ಟೇ ಬೀಜ

ತಮ್ಮಾ, ಹೋದ ವಾರ ನಿನ್ನ ಅಂಗಡಿಗೆ ಬಂದಾಗ ಹಳೆಯ ಕಂಪ್ಯೂಟರಿಗೆ ಉಬುಂಟು ಲಿನಕ್ಸ್ ಹಾಕಿ, ಮೂಲೆಯಲ್ಲಿ ಡೆಬಿಯನ್‌ನ ಪುಟ್ಟ ಸರ್ವರ್ ಕೂಡಿಸಿದ್ದನ್ನು ನೋಡಿ ಸಂತೋಷವಾಯಿತು. ಲೈಸೆನ್ಸಿಗೆ ಸಾಲ ಮಾಡಲಿಲ್ಲ, ಕದ್ದ ತಂತ್ರಾಂಶವನ್ನೂ ಮುಟ್ಟಲಿಲ್ಲ. ಮುದಗಲ್‌ನಂಥ ಊರಿನ ಹುಡುಗ ಹೀಗೆ ಸ್ವಂತ ಕಾಲ ಮೇಲೆ ನಿಲ್ಲುವುದು ದೊಡ್ಡ ಮಾತು. ಆದರೆ "ಬ್ಯಾಕಪ್ ಎಲ್ಲಿಟ್ಟೀ?" ಎಂದು ಕೇಳಿದಾಗ, "ಅದೇ ಡಿಸ್ಕಿನ ಎರಡನೇ ಪಾರ್ಟಿಷನ್‌ನಾಗ ಐತ್ರಿ" ಅಂದೆ. ಆ ಮಾತು ಮನೆಗೆ ಬಂದ ಮೇಲೂ ನನ್ನನ್ನು ಬಿಡಲಿಲ್ಲ. ಅದಕ್ಕೇ ಈ ನಾಲ್ಕು ಮಾತು.

ಅದೇ ತಪ್ಪನ್ನು ನಾನು ಮಾಡಿದ್ದೇನೆ. ನಮ್ಮೂರ ಮೊಹರಂ ಹೊತ್ತಿನಲ್ಲಿ ಹಾಡುವ ರಿವಾಯತ್ ಪದಗಳನ್ನು ಎರಡು ವರ್ಷ ಓಡಾಡಿ ರೆಕಾರ್ಡ್ ಮಾಡಿಕೊಂಡಿದ್ದೆ. ಒಂದು ಪ್ರತಿ ಹೋಮ್ ಫೋಲ್ಡರಿನಲ್ಲಿ, ಇನ್ನೊಂದು ಎರಡನೇ ಪಾರ್ಟಿಷನ್‌ನಲ್ಲಿ ಇತ್ತು. ಒಂದು ಬೇಸಿಗೆ ಸಂಜೆ ಗುಡುಗು ಸಿಡಿಲಿನ ಜೊತೆ ಕರೆಂಟು ಹೋಗಿ ಬಂದು ಮಾಡಿತು. ಮರುದಿನ ಡಿಸ್ಕ್ ಟಕ್ ಟಕ್ ಎಂದಿತೇ ಹೊರತು ಏಳಲಿಲ್ಲ. ಎರಡು ಪ್ರತಿ ಅಂದುಕೊಂಡದ್ದು ಒಂದೇ ಹಗೇವಿನ ಎರಡು ಮೂಲೆಯಾಗಿತ್ತು. ಹಗೇವಿಗೆ ನೀರು ಹೊಕ್ಕರೆ ಯಾವ ಮೂಲೆಯ ಜೋಳ ಉಳಿದೀತು? ಹಾಡಿದ ಹಿರಿಯರಲ್ಲಿ ಇಬ್ಬರು ಈಗ ಇಲ್ಲ. ಅವರ ದನಿಯೂ ಇಲ್ಲ.

ಪ್ರತಿಗಳನ್ನು ದೂರ ದೂರ ಇಡಬೇಕೆಂಬುದಕ್ಕೆ ನಮ್ಮ ಸೀಮೆಯಲ್ಲೇ ಸಾಕ್ಷಿ ಇದೆ. ಅಶೋಕ ತನ್ನ ಮಾತನ್ನು ಒಂದೇ ಬಂಡೆಗೆ ಒಪ್ಪಿಸಲಿಲ್ಲ. ಅದೇ ಕಿರು ಶಾಸನವನ್ನು ಮಸ್ಕಿಯಲ್ಲಿ, ಕೊಪ್ಪಳದ ಗವಿಮಠ ಮತ್ತು ಪಾಲ್ಕಿಗುಂಡುಗಳಲ್ಲಿ, ಚಿತ್ರದುರ್ಗ ಸೀಮೆಯ ಬ್ರಹ್ಮಗಿರಿಯಲ್ಲಿ, ಇನ್ನೂ ಹಲವೆಡೆ ಕೆತ್ತಿಸಿದ. 1915ರಲ್ಲಿ ಚಿನ್ನದ ಗಣಿಯ ಎಂಜಿನಿಯರ್ ಸಿ. ಬೀಡನ್ ಮಸ್ಕಿಯ ಬಂಡೆಯನ್ನು ಕಂಡರು. ಅದುವರೆಗೆ ಸಿಕ್ಕಿದ್ದ ಶಾಸನಗಳಲ್ಲಿ "ದೇವಾನಾಂಪ್ರಿಯ" ಎಂಬಂಥ ಬಿರುದಿನಿಂದಷ್ಟೇ ಗೊತ್ತಿದ್ದ ರಾಜನ ಹೆಸರು "ಅಶೋಕ" ಎಂದು ಇಲ್ಲಿ ಸ್ಪಷ್ಟವಾಗಿ ಸಿಕ್ಕಿತು. ಮಸ್ಕಿಯಲ್ಲಿ ಸವೆದ ಸಾಲನ್ನು ವಿದ್ವಾಂಸರು ಬೇರೆ ಬಂಡೆಗಳ ನೆರವಿನಿಂದ ಓದುತ್ತಾರೆ. ಒಂದರಲ್ಲಿ ಅಳಿದದ್ದು ಇನ್ನೊಂದರಲ್ಲಿ ಉಳಿದಿದೆ. ಬ್ಯಾಕಪ್ ಎಂದರೆ ಇಷ್ಟೇ.

10ನೇ ಶತಮಾನದ ಅತ್ತಿಮಬ್ಬೆಯನ್ನೂ ನೆನೆ. ಪೊನ್ನನ ಶಾಂತಿಪುರಾಣವನ್ನು ಸಾವಿರ ಪ್ರತಿ ಬರೆಯಿಸಿ ಹಂಚಿದ ತಾಯಿ ಆಕೆ. ಆ ಕಾವ್ಯ ನಮ್ಮ ಕೈಯಲ್ಲಿದೆ. ಅದೇ ಪೊನ್ನನ ಭುವನೈಕರಾಮಾಭ್ಯುದಯ ಇಂದಿಗೂ ಸಿಕ್ಕಿಲ್ಲ.

ಈಗ ನಿನ್ನ ಅಂಗಡಿಯ ವಿಷಯ. ಬಲ್ಲವರು ಹೇಳುವ ಲೆಕ್ಕ ಮೂರು, ಎರಡು, ಒಂದು: ಒಟ್ಟು ಮೂರು ಪ್ರತಿ, ಎರಡು ಬಗೆಯ ಸಾಧನ, ಒಂದು ಪ್ರತಿ ಬೇರೆ ಊರಲ್ಲಿ. ನೀನು ದಿನವೂ ಕೆಲಸ ಮಾಡುವುದು ಒಂದು. ಹೊರಗಿನ ಹಾರ್ಡ್ ಡಿಸ್ಕ್ ಎರಡು. ಲಿಂಗಸುಗೂರಿನ ಅಕ್ಕನ ಮನೆಯಲ್ಲೋ ದೂರದ ಸರ್ವರಿನಲ್ಲೋ ಇರುವುದು ಮೂರು. ಹೊರಗಿನ ಡಿಸ್ಕನ್ನು ಕೆಲಸ ಮುಗಿದೊಡನೆ ಬಿಚ್ಚಿಡು. ಸದಾ ಚುಚ್ಚಿಕೊಂಡೇ ಇದ್ದರೆ ಸಿಡಿಲಿಗೂ ಸಿಗುತ್ತದೆ, ಕಡತಗಳಿಗೆ ಬೀಗ ಜಡಿದು ದುಡ್ಡು ಕೇಳುವ ವೈರಸ್ಸಿಗೂ ಸಿಗುತ್ತದೆ. ಲಿನಕ್ಸ್‌ಗೆಂದೇ ಇಡುವ ಡಿಸ್ಕನ್ನು ಇಎಕ್ಸ್‌ಟಿ4ಗೆ ಫಾರ್ಮ್ಯಾಟ್ ಮಾಡು. ಎಕ್ಸ್‌ಫ್ಯಾಟ್‌ನಲ್ಲಿ ಕಡತಗಳ ಒಡೆತನ, ಅನುಮತಿ ಉಳಿಯುವುದಿಲ್ಲ.

ಸಾಧನಗಳಿಗೆ ಕೊರತೆ ಇಲ್ಲ, ಎಲ್ಲವೂ ಮುಕ್ತ. ಮೇಜಿನ ಕಂಪ್ಯೂಟರಿಗೆ ಡೆಜಾ ಡುಪ್ ಸಾಕು. ಟೈಮ್‌ಶಿಫ್ಟ್ ಹಾಕಿದ್ದೇನೆ ಎಂದು ಮಾತ್ರ ನಿಶ್ಚಿಂತನಾಗಬೇಡ. ಅದು ವ್ಯವಸ್ಥೆಯನ್ನು ಹಿಂದಿನ ಸ್ಥಿತಿಗೆ ತರಲು ಇರುವಂಥದ್ದು, ನಾವೇ ಹೇಳದ ಹೊರತು ಹೋಮ್ ಫೋಲ್ಡರಿನ ದಾಖಲೆಗಳನ್ನು ಮುಟ್ಟುವುದಿಲ್ಲ. ಕಡತಗಳನ್ನು ನಕಲಿಸುವ ಆರ್‌ಸಿಂಕ್ ಒಳ್ಳೆಯ ಆಳು, ಆದರೆ ಹೇಳಿದ್ದನ್ನು ಹಾಗೇ ಮಾಡುತ್ತದೆ. ಡಿಲೀಟ್ ಆಯ್ಕೆ ಕೊಟ್ಟು ಓಡಿಸಿದರೆ ಇಲ್ಲಿ ಅಳಿಸಿದ್ದನ್ನು ಅಲ್ಲಿಯೂ ಅಳಿಸುತ್ತದೆ. ಅದಕ್ಕೇ ಹಳೆಯ ಆವೃತ್ತಿಗಳನ್ನೂ ಇಟ್ಟುಕೊಳ್ಳುವ ಬೋರ್ಗ್ ಅಥವಾ ರೆಸ್ಟಿಕ್ ಕಲಿ. ಬದಲಾದ ಭಾಗವನ್ನಷ್ಟೇ ಸೇರಿಸುವುದರಿಂದ ಜಾಗ ಉಳಿಯುತ್ತದೆ, ಗೂಢಲಿಪಿಯಲ್ಲಿ ಇಡುವುದರಿಂದ ಗಿರಾಕಿಗಳ ಗುಟ್ಟೂ ಉಳಿಯುತ್ತದೆ. ಆದರೆ ಗುಪ್ತಪದ ಮರೆತರೆ ಅದನ್ನು ತೆರೆಯಲು ಯಾರಿಂದಲೂ ಆಗದು. ಕಾಗದದಲ್ಲಿ ಬರೆದು ಹೊಲದ ಪಹಣಿ ಇಡುವ ಪೆಟ್ಟಿಗೆಯಲ್ಲೇ ಇಡು.

ಸರ್ವರಿನ ಮಾತು ಬೇರೆ. ಎರಡು ಡಿಸ್ಕ್ ಜೋಡಿಸಿ ರೇಡ್ ಮಾಡಿದ್ದೇನೆ, ಇನ್ನೇನು ಭಯ ಅನ್ನುತ್ತಾರೆ. ರೇಡ್ ನಮ್ಮ ಮುದಗಲ್ ಕೋಟೆಯ ಗೋಡೆ ಇದ್ದಂತೆ. ಒಂದು ಡಿಸ್ಕ್ ಸತ್ತರೆ ಕೆಲಸ ನಿಲ್ಲದಂತೆ ತಡೆಯುತ್ತದೆ. ಆದರೆ ಒಳಗಿದ್ದವನೇ ಅಳಿಸುವ ಆರ್‌ಎಂ ಆಜ್ಞೆ ಒತ್ತಿದರೆ ಗೋಡೆ ಏನು ಮಾಡೀತು? ಎರಡೂ ಡಿಸ್ಕಿನಲ್ಲಿ ಒಂದೇ ಗಳಿಗೆಗೆ ಅಳಿಯುತ್ತದೆ. ಇನ್ನೊಂದು: ನಡೆಯುತ್ತಿರುವ ಡೇಟಾಬೇಸಿನ ಕಡತಗಳನ್ನು ಹಾಗೇ ಕಾಪಿ ಮಾಡಬೇಡ. ಅರ್ಧ ಬರೆದ ಲೆಕ್ಕ ಅರ್ಧವಾಗಿಯೇ ಬಂದು ಕೂರುತ್ತದೆ. ಪೋಸ್ಟ್‌ಗ್ರೆಸ್‌ಗೆ ಪಿಜಿ ಡಂಪ್, ಮರಿಯಾಡಿಬಿಗೆ ಅದರದೇ ಡಂಪ್ ಸಾಧನ ಇದೆ. ಮೊದಲು ಡಂಪ್ ತೆಗೆ, ಆಮೇಲೆ ಅದನ್ನು ಬ್ಯಾಕಪ್‌ಗೆ ಸೇರಿಸು. ಸಂರಚನೆಯ ಕಡತಗಳಿರುವ ಇಟಿಸಿ ಫೋಲ್ಡರನ್ನೂ ಹಾಕಿಕೊಂಡ ಪ್ಯಾಕೇಜುಗಳ ಪಟ್ಟಿಯನ್ನೂ ಮರೆಯಬೇಡ. ಈ ಕೆಲಸವನ್ನು ನಿನ್ನ ನೆನಪಿಗೆ ಬಿಡದೆ, ಹೊತ್ತಿಗೆ ಸರಿಯಾಗಿ ಕೆಲಸ ಓಡಿಸುವ ಕ್ರಾನ್‌ಗೆ ವಹಿಸು.

ಇಷ್ಟೆಲ್ಲ ಮಾಡಿದವರೂ ಎಡವುವುದು ಕೊನೆಯ ಮೆಟ್ಟಿಲಲ್ಲಿ. 2017ರ ಜನವರಿ 31ರಂದು, ತಂತ್ರಾಂಶ ಬರೆಯುವವರ ಕೋಡ್ ಕಾಪಿಡುವ ಗಿಟ್‌ಲ್ಯಾಬ್ ಸಂಸ್ಥೆಯ ಎಂಜಿನಿಯರ್ ಒಬ್ಬರು ತಪ್ಪು ಸರ್ವರಿನ ಮೇಲೆ ಅಳಿಸುವ ಆಜ್ಞೆ ಓಡಿಸಿದರು. ಡೇಟಾಬೇಸಿನ ಸುಮಾರು 300 ಜಿಬಿಯಲ್ಲಿ ಉಳಿದದ್ದು 4.5 ಜಿಬಿ. ನಿತ್ಯದ ಬ್ಯಾಕಪ್ ಹುಡುಕಿದರೆ ಅಲ್ಲಿ ಏನೂ ಇರಲಿಲ್ಲ. ಡೇಟಾಬೇಸ್ 9.6ನೇ ಆವೃತ್ತಿ, ಬ್ಯಾಕಪ್ ಸಾಧನ 9.2ನೆಯದು. ಹೊಂದಿಕೆಯಾಗದೆ ಪ್ರತಿಸಲವೂ ಸೋಲುತ್ತಿತ್ತು, ಸೋತ ಸುದ್ದಿಯ ಇ-ಮೇಲ್ ಕೂಡ ಯಾರನ್ನೂ ಮುಟ್ಟುತ್ತಿರಲಿಲ್ಲ. ಆರು ಗಂಟೆ ಮೊದಲು ಬೇರೊಂದು ಕೆಲಸಕ್ಕೆಂದು ಕೈಯಾರೆ ತೆಗೆದಿದ್ದ ಪ್ರತಿಯೊಂದು ಅವರನ್ನು ಕಾಪಾಡಿತು. ಅಷ್ಟು ದೊಡ್ಡವರು ಮಾಡದೆ ಬಿಟ್ಟದ್ದು ಒಂದೇ: ಬ್ಯಾಕಪ್ ತಿರುಗಿ ಬರುತ್ತದೆಯೇ ಎಂದು ನೋಡಿರಲಿಲ್ಲ.

ನಿಮ್ಮ ಅಜ್ಜ ಬೀಜವನ್ನು ಹೀಗೆ ಪರೀಕ್ಷಿಸಿ ನೋಡುತ್ತಿದ್ದರು, ನೆನಪಿದೆಯಾ? ಮುಂಗಾರಿಗೆ ಮುಂಚೆ ನೂರು ಕಾಳು ತೊಗರಿ ಎಣಿಸಿ ಒದ್ದೆ ಗೋಣಿಯಲ್ಲಿ ಸುತ್ತಿಡುತ್ತಿದ್ದರು. ಎಷ್ಟು ಮೊಳೆತವು ಎಂದು ಎಣಿಸದೆ ಹೊಲಕ್ಕೆ ಬೀಜ ಒಯ್ಯುತ್ತಿರಲಿಲ್ಲ. ಚೀಲ ತುಂಬಿದ ಮಾತ್ರಕ್ಕೆ ಅದು ಬೀಜವಲ್ಲ, ಮೊಳೆತರಷ್ಟೇ ಬೀಜ. ಬ್ಯಾಕಪ್ಪೂ ಹಾಗೇ. ತಿರುಗಿ ತಂದು, ತೆರೆದು, ಕಣ್ಣಾರೆ ಓದಿದ ಮೇಲೆಯೇ ಅದನ್ನು ಬ್ಯಾಕಪ್ ಅನ್ನು.

ತೆರೆದರೆ ಸಾಲದು, ಓದಲೂ ಬರಬೇಕು. ಅಶೋಕನ ಬಂಡೆಗಳು ಎರಡು ಸಾವಿರ ವರ್ಷ ಬಿಸಿಲು ಮಳೆಗೆ ನಿಂತವು. ಆದರೆ 1837ರಲ್ಲಿ ಜೇಮ್ಸ್ ಪ್ರಿನ್ಸೆಪ್ ಬ್ರಾಹ್ಮಿಯನ್ನು ಬಿಡಿಸುವ ತನಕ ಅಂಥ ಬರಹ ಓದುವವರಿಲ್ಲದೆ ಮೂಕವಾಗಿತ್ತು. ನಿನ್ನ ಡಿಸ್ಕಿನಲ್ಲಿ ಹಳೆಯ ನುಡಿ, ಬರಹ ಫಾಂಟುಗಳಲ್ಲಿ ಟೈಪು ಮಾಡಿದ ಅರ್ಜಿ, ಲಗ್ನಪತ್ರಿಕೆ, ನಾಟಕದ ಪ್ರತಿಗಳಿವೆ. ಆ ಫಾಂಟು ಇಲ್ಲದ ಕಡೆ ಅವು ಬರೀ ಚಿಹ್ನೆಗಳ ರಾಶಿ. ಈಗಲೇ ಯೂನಿಕೋಡ್‌ಗೆ ಬದಲಿಸಿ, ಲಿಬ್ರೆಆಫೀಸ್‌ನ ಮುಕ್ತ ಮಾದರಿಯಲ್ಲಿ ಒಂದು ಪ್ರತಿ ಇಡು.

ಪ್ರತಿ ಅಮಾವಾಸ್ಯೆಗೆ ನೀನು ಅಂಗಡಿ ತೊಳೆದು, ಕಾಯಿ ಒಡೆದು ಪೂಜೆ ಮಾಡುತ್ತೀಯಲ್ಲ, ಅಂದೇ ಇದನ್ನೂ ಮಾಡು. ಬ್ಯಾಕಪ್ಪಿನಿಂದ ಒಂದು ಕಡತವನ್ನು ಬೇರೆ ಫೋಲ್ಡರಿಗೆ ತಂದು ತೆರೆದು ನೋಡು. ವರ್ಷಕ್ಕೊಮ್ಮೆ ಇಡೀ ಸರ್ವರನ್ನು ಇನ್ನೊಂದು ಯಂತ್ರದ ಮೇಲೆ ಎಬ್ಬಿಸು. ಊರಿನ ಜನ ನಿನ್ನನ್ನು ನಂಬಿ ತಮ್ಮ ಲೆಕ್ಕ, ಫೋಟೊ, ಹಾಡುಗಳನ್ನು ಕೊಟ್ಟುಹೋಗುತ್ತಾರೆ. ನಾನು ಕಳೆದುಕೊಂಡ ದನಿಗಳು ಇನ್ನು ಬರಲಾರವು. ನಿನ್ನ ಕೈಯಲ್ಲಿರುವುದು ಉಳಿಯಲಿ. ಈ ಅಮಾವಾಸ್ಯೆಗೇ ಶುರುಮಾಡು.