ನೋವಿಗೆ ಹೆಸರು ಸಿಗುವವರೆಗೆ ಜೊತೆಗಿರೋಣ

ಯೌವನಸ್ಥರ ಕೂಟದ ಸಂದೇಶ
ವಾಕ್ಯಭಾಗ: ಮಾರ್ಕ 2:1-12, ಮಾರ್ಕ 5:25-34, ಯಾಜಕಕಾಂಡ 13:1-6

ಸ್ವಸ್ಥತೆಯ ವಿಷಯ ಬಂದಾಗ ನಾವು ಸಾಮಾನ್ಯವಾಗಿ ಒಂದು ಸಾಕ್ಷಿಯಿಂದ ಶುರು ಮಾಡ್ತೀವಿ. ಇವತ್ತು ನಾನು ಮಾಡಿದ ಒಂದು ತಪ್ಪಿನಿಂದ ಶುರು ಮಾಡ್ತೀನಿ.

ನನ್ನ ತಮ್ಮ ಕುಣಿಗಲ್‌ನಲ್ಲಿ ಇದ್ದಾನೆ. 26ನೇ ವಯಸ್ಸಿನಲ್ಲಿ ಅವನಿಗೆ ಸೊಂಟದ ಕೆಳಭಾಗದಲ್ಲಿ ನೋವು ಶುರುವಾಯ್ತು. ಒಬ್ಬ ಡಾಕ್ಟರ್ "ಬೈಕ್ ಓಡಿಸೋದು ಕಡಿಮೆ ಮಾಡಿ" ಅಂದ್ರು. ಇನ್ನೊಬ್ಬರು ಎಕ್ಸ್‌ರೇ ತೆಗೆಸಿ "ಎಲ್ಲಾ ನಾರ್ಮಲ್, ರೆಸ್ಟ್ ತಗೊಳ್ಳಿ" ಅಂದ್ರು. ರೆಸ್ಟ್ ತಗೊಂಡ್ರೆ ನೋವು ಇನ್ನೂ ಜಾಸ್ತಿ ಆಗ್ತಿತ್ತು. ಮನೆಯವರು ಸೋಮಾರಿ ಅಂದ್ರು. ಪಾಸ್ಟರ್ ಆದ ನಾನು ಏನು ಮಾಡಿದೆ? ಎಣ್ಣೆ ಹಚ್ಚಿ ಪ್ರಾರ್ಥನೆ ಮಾಡಿದೆ. ಅಷ್ಟಕ್ಕೇ ನಿಲ್ಲಿಸಿದ್ದರೆ ತಪ್ಪಿರಲಿಲ್ಲ. "ಇನ್ನು ಮಾತ್ರೆ ತಗೊಂಡ್ರೆ ಅದು ಅವಿಶ್ವಾಸ" ಅಂತಲೂ ಹೇಳಿಬಿಟ್ಟೆ. ಅವನು ನನ್ನ ಮಾತು ಕೇಳಿದ. ಎರಡು ವರ್ಷ ಯಾರ ಹತ್ತಿರವೂ ಹೋಗಲಿಲ್ಲ. ನಾನು "ಹೇಗಿದ್ದೀಯಪ್ಪ" ಅಂದಾಗಲೆಲ್ಲ "ಸ್ತೋತ್ರ ಅಣ್ಣ, ಚೆನ್ನಾಗಿದ್ದೀನಿ" ಅಂತಿದ್ದ.

ಆಮೇಲೆ ಅವನಿಗೆ ಮದುವೆ ಆಯ್ತು. ಹುಡುಗಿ ಗುಬ್ಬಿಯವಳು. ಮದುವೆಯಾಗಿ ಮೂರು ತಿಂಗಳಿಗೆ ಅವಳು ನನಗೆ ಫೋನ್ ಮಾಡಿದಳು. "ಭಾವ, ಇವರು ದಿನಾ ರಾತ್ರಿ ಮೂರು ಗಂಟೆಗೆ ಎದ್ದು ಅಡುಗೆಮನೆಯಲ್ಲಿ ಓಡಾಡ್ತಾರೆ. ಬೆಳಿಗ್ಗೆ ಒಂದು ಗಂಟೆ ಹೊತ್ತು ಬಗ್ಗೋಕೆ ಆಗಲ್ಲ. ನಿಮಗೆ ಗೊತ್ತಾ?" ನನಗೆ ಗೊತ್ತಿರಲಿಲ್ಲ. ನಾನು ಕೇಳಿರಲೇ ಇಲ್ಲ.

ಈಗ ವಾಕ್ಯಕ್ಕೆ ಬರೋಣ.

1. ನೋಡುವುದು, ಕಾಯುವುದು, ಮತ್ತೆ ನೋಡುವುದು

ಯಾಜಕಕಾಂಡ 13 ತೆಗೆಯಿರಿ. ಓದುವಾಗ ನಾವು ಬೇಗ ದಾಟಿಹೋಗುವ ಅಧ್ಯಾಯ ಇದು. ಒಬ್ಬನ ಚರ್ಮದ ಮೇಲೆ ಮಚ್ಚೆ ಕಾಣಿಸಿದರೆ ಯಾಜಕನು ಅದನ್ನು ಪರೀಕ್ಷಿಸಬೇಕು. ಸ್ಪಷ್ಟವಾಗದಿದ್ದರೆ ಏಳು ದಿನ ಕಾದು ಮತ್ತೆ ನೋಡಬೇಕು. ಆಗಲೂ ತಿಳಿಯದಿದ್ದರೆ ಇನ್ನೂ ಏಳು ದಿನ. ಒಂದೇ ನೋಟಕ್ಕೆ ತೀರ್ಪು ಕೊಡೋಕೆ ದೇವರು ಯಾಜಕನಿಗೂ ಅನುಮತಿ ಕೊಡಲಿಲ್ಲ. ನಾನು ಐದು ನಿಮಿಷದಲ್ಲಿ ತೀರ್ಪು ಕೊಟ್ಟಿದ್ದೆ.

ಪ್ರಿಯರೇ, ಮೂರು ತಿಂಗಳಿಗಿಂತ ಹೆಚ್ಚು ಕಾಲ ಇರುವ ಅಥವಾ ಮತ್ತೆ ಮತ್ತೆ ಬರುವ ನೋವನ್ನು ವೈದ್ಯಶಾಸ್ತ್ರ ದೀರ್ಘಕಾಲದ ನೋವು ಅನ್ನುತ್ತೆ. ಅದರ ಕಾರಣ ಮೊದಲ ಭೇಟಿಯಲ್ಲೇ ಸಿಗದೆ ಇರಬಹುದು. ಹಾಗಂತ ಕಾರಣ ಇಲ್ಲ ಅಂತಲ್ಲ.

2. ಪೂರ್ತಿ ಕೇಳಿಸಿಕೊಳ್ಳುವುದು

ಮಾರ್ಕ 5ರಲ್ಲಿ ರಕ್ತಕುಸುಮ ರೋಗದ ಸ್ತ್ರೀ ಇದ್ದಾಳೆ. 12 ವರ್ಷ ಅನೇಕ ವೈದ್ಯರ ಹತ್ತಿರ ಹೋಗಿ, ಇದ್ದದ್ದನ್ನೆಲ್ಲ ಖರ್ಚು ಮಾಡಿ, ಇನ್ನೂ ಹೆಚ್ಚು ಕಷ್ಟಕ್ಕೆ ಬಿದ್ದವಳು. ಈ ವಚನ ತೋರಿಸಿ "ನೋಡಿ, ಡಾಕ್ಟರ್ ಹತ್ತಿರ ಹೋಗಬಾರದು" ಅಂತ ನಾನೇ ಪ್ರಸಂಗ ಮಾಡಿದ್ದೀನಿ. ಆದರೆ ವೈದ್ಯರ ಹತ್ತಿರ ಹೋದದ್ದಕ್ಕೆ ಯೇಸು ಅವಳನ್ನು ಗದರಿಸಿದ್ದು ಎಲ್ಲಿದೆ? ಇಲ್ಲ. 33ನೇ ವಚನದಲ್ಲಿ ಅವಳು ನಡೆದದ್ದನ್ನೆಲ್ಲ ಹೇಳ್ತಾಳೆ, ಆತನು ಕೇಳಿಸಿಕೊಳ್ತಾನೆ. ಪಕ್ಕದಲ್ಲಿ ಯಾಯೀರನ ಮಗಳು ಸಾಯುವ ಸ್ಥಿತಿಯಲ್ಲಿದ್ದಾಳೆ, ಅಷ್ಟು ಅವಸರ ಇದೆ. ಆದರೂ ಕರ್ತನು ನಿಂತು ಕೇಳಿದ.

ನೋವಿರುವವರ ಮಾತನ್ನು ಗೌರವಿಸಬೇಕು ಅಂತ ಅಂತರರಾಷ್ಟ್ರೀಯ ನೋವು ಅಧ್ಯಯನ ಸಂಘವೂ 2020ರಲ್ಲಿ ನೋವಿನ ವ್ಯಾಖ್ಯಾನವನ್ನು ಪರಿಷ್ಕರಿಸಿದಾಗ ಅದರ ಜೊತೆಗೆ ಬರೆದಿದೆ. ಸ್ಕ್ಯಾನ್‌ನಲ್ಲಿ ಕಾಣದಿದ್ದರೆ ನೋವು ಸುಳ್ಳು ಅಂತ ಹೇಳಬೇಡಿ.

3. ನಾಲ್ಕು ಮಂದಿ ಹೊತ್ತುಕೊಂಡು ಬಂದರು

ಮಾರ್ಕ 2ರಲ್ಲಿ ಪಾರ್ಶ್ವವಾಯು ರೋಗಿ ತಾನಾಗಿ ಬರಲಿಲ್ಲ. ನಾಲ್ಕು ಮಂದಿ ಹೊತ್ತು ತಂದರು. ಬಾಗಿಲಲ್ಲಿ ಜಾಗ ಇಲ್ಲ ಅಂದಾಗ ವಾಪಸ್ ಹೋಗಲಿಲ್ಲ, ಮಾಳಿಗೆ ಬಿಚ್ಚಿದರು. ಯೇಸು ನೋಡಿದ್ದು ಹೊತ್ತು ತಂದ ಅವರ ನಂಬಿಕೆಯನ್ನು.

ನನ್ನ ತಮ್ಮನ ಹೆಂಡತಿ ಮಾಡಿದ್ದು ಇದನ್ನೇ. ಎರಡು ವಾರ ಒಂದು ನೋಟ್‌ಬುಕ್‌ನಲ್ಲಿ ಬರೆದಳು: ನೋವು ಎಷ್ಟು ಗಂಟೆಗೆ, ಎಲ್ಲಿ, ಎಷ್ಟು ಹೊತ್ತು, ಓಡಾಡಿದರೆ ಏನಾಗುತ್ತೆ, ಮಲಗಿದರೆ ಏನಾಗುತ್ತೆ. ಒಂದು ವರ್ಷದ ಹಿಂದೆ ಅವನ ಕಣ್ಣು ಕೆಂಪಾಗಿ ನೋವು ಬಂದಿತ್ತು ಅಂತ ಅತ್ತೆಯಿಂದ ತಿಳಿದು ಅದನ್ನೂ ಬರೆದಳು. ತುಮಕೂರಿಗೆ ಬಂದು ನನ್ನನ್ನೂ ಕರೆದುಕೊಂಡು ಆಸ್ಪತ್ರೆಗೆ ಹೋದಳು. ಒಳಗೆ ಹೋದಾಗ ತಮ್ಮ ಅಭ್ಯಾಸದಂತೆ "ಸ್ವಲ್ಪ ಬೆನ್ನುನೋವು ಸರ್" ಅಂದ. ಅವಳು ನೋಟ್‌ಬುಕ್ ಮುಂದಿಟ್ಟಳು. ಡಾಕ್ಟರ್ ಓದಿ ಪೆನ್ನು ಕೆಳಗಿಟ್ಟು ಹತ್ತು ಪ್ರಶ್ನೆ ಕೇಳಿದರು, ಬೆಂಗಳೂರಿನ ರುಮಟಾಲಜಿಸ್ಟ್‌ಗೆ ಬರೆದುಕೊಟ್ಟರು.

ಅಲ್ಲಿ ರಕ್ತಪರೀಕ್ಷೆ, ಎಂಆರ್‌ಐ ಆದ ಮೇಲೆ ನೋವಿಗೆ ಹೆಸರು ಸಿಕ್ಕಿತು: ಆಂಕಿಲೋಸಿಂಗ್ ಸ್ಪಾಂಡಿಲೈಟಿಸ್. ಬೆನ್ನುಮೂಳೆಯ ಬುಡ ಸೊಂಟದ ಮೂಳೆಗೆ ಸೇರುವ ಕೀಲಲ್ಲಿ ಉರಿಯೂತ. ಇದು ಹೆಚ್ಚಾಗಿ 45 ವರ್ಷದೊಳಗೆ, ನಿಮ್ಮ ವಯಸ್ಸಿನಲ್ಲೇ ಶುರುವಾಗುತ್ತೆ. ಮಲಗಿದರೆ ಹೆಚ್ಚಾಗುತ್ತೆ, ಓಡಾಡಿದರೆ ಕಡಿಮೆಯಾಗುತ್ತೆ, ರಾತ್ರಿಯ ಎರಡನೇ ಅರ್ಧದಲ್ಲಿ ಎಬ್ಬಿಸುತ್ತೆ. ಮೊದಲ ವರ್ಷಗಳಲ್ಲಿ ಎಕ್ಸ್‌ರೇ ನಾರ್ಮಲ್ ಬರಬಹುದು. ಎಚ್‌ಎಲ್‌ಎ-ಬಿ27 ಅನ್ನುವ ರಕ್ತಪರೀಕ್ಷೆ ಸಹಾಯ ಮಾಡುತ್ತೆ, ಆದರೆ ಅದೊಂದರಿಂದಲೇ ಹೌದು ಅಥವಾ ಇಲ್ಲ ಅಂತ ಹೇಳೋಕಾಗಲ್ಲ. ಹಾಗಾಗಿ ನೆಟ್‌ನಲ್ಲಿ ಓದಿ ನೀವೇ ತೀರ್ಮಾನ ಮಾಡಬೇಡಿ.

ಡಾಕ್ಟರ್ ಇನ್ನೊಂದು ಪ್ರಶ್ನೆ ಕೇಳಿದರು: "ಯಾವ ಊರಿನ ನೀರು ಕುಡಿದು ಬೆಳೆದಿರಿ?" ನಮ್ಮ ಜಿಲ್ಲೆಯವರು ಇದನ್ನು ತಿಳಿದಿರಬೇಕು. ಪಾವಗಡ ಕಡೆಯ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಹೆಚ್ಚಿರುವುದು ಬಹಳ ವರ್ಷಗಳ ಸಮಸ್ಯೆ. ಕುಡಿಯುವ ನೀರಲ್ಲಿ ಒಂದು ಲೀಟರ್‌ಗೆ 1.5 ಮಿಲಿಗ್ರಾಂ ದಾಟಬಾರದು. ವರ್ಷಗಟ್ಟಲೆ ಹೆಚ್ಚು ಫ್ಲೋರೈಡ್ ಕುಡಿದರೆ ಮೂಳೆ ಗಟ್ಟಿಯಾಗಿ ಬೆನ್ನು ಬಿಗಿಯುತ್ತೆ, ನೋಡೋಕೆ ತಮ್ಮನ ಕಾಯಿಲೆಯ ಹಾಗೇ ಕಾಣಬಹುದು. ನಮ್ಮ ದೇಶದಲ್ಲಿ ಈ ರೋಗವನ್ನು ವೈದ್ಯರು ಗುರುತಿಸಿ ವರದಿ ಮಾಡಿದ್ದು 1937ರಲ್ಲಿ, ಆಗಿನ ಮದ್ರಾಸ್ ಪ್ರಾಂತ್ಯದ ನೆಲ್ಲೂರು ಜಿಲ್ಲೆಯಿಂದ. ಎರಡು ಕಾಯಿಲೆಗೂ ಚಿಕಿತ್ಸೆ ಬೇರೆ. ಹಾಗಾಗಿ ಹುಟ್ಟಿದ ಊರು, ಕುಡಿದ ನೀರು, ಮನೆಯವರ ಕಾಯಿಲೆ ಎಲ್ಲವನ್ನೂ ಡಾಕ್ಟರ್‌ಗೆ ಹೇಳಿ.

ಈಗ ನಾವು ಮಾಡಬೇಕಾದದ್ದು

ನೋವಿರುವವರಿಗೆ: "ಚೆನ್ನಾಗಿದ್ದೀನಿ" ಅಂತ ಸುಳ್ಳು ಹೇಳಬೇಡಿ, ಪಾಸ್ಟರ್‌ಗೂ ಹೇಳಬೇಡಿ. ಹಳೆಯ ರಿಪೋರ್ಟ್ ಎಲ್ಲಾ ಒಂದೇ ಫೈಲ್‌ನಲ್ಲಿಡಿ. ತಗೊಂಡ ಮಾತ್ರೆಗಳ ಹೆಸರು ಬರೆದಿಡಿ. ಬೆನ್ನುನೋವಿನ ಜೊತೆ ಜ್ವರ, ತೂಕ ಇಳಿಯುವುದು, ಕಾಲಲ್ಲಿ ಶಕ್ತಿ ಕಡಿಮೆಯಾಗುವುದು, ಮೂತ್ರದ ಹಿಡಿತ ತಪ್ಪುವುದು ಕಂಡರೆ ಅವತ್ತೇ ಆಸ್ಪತ್ರೆಗೆ ಹೋಗಿ.

ಜೊತೆಗಿರುವವರಿಗೆ: ಒಳಗೆ ಹೋಗುವ ಮುಂಚೆ ಕೇಳಿ, "ನಾನು ಮಾತಾಡಲಾ, ಸುಮ್ಮನೆ ಕೂತಿರಲಾ?" ಅವರ ಬದಲು ನೀವೇ ಎಲ್ಲಾ ಹೇಳಬೇಡಿ, ಅವರು ಮರೆತದ್ದನ್ನು ನೆನಪಿಸಿ. ಯೋಬನ ಸ್ನೇಹಿತರು ಏಳು ದಿನ ಸುಮ್ಮನೆ ಅವನ ಜೊತೆ ಕೂತಿದ್ದರು, ಅಲ್ಲಿಯವರೆಗೆ ಒಳ್ಳೆಯದೇ ಮಾಡಿದರು. ಬಾಯಿ ತೆರೆದು "ನಿನ್ನ ಪಾಪವೇ ಕಾರಣ" ಅಂದಾಗ ತಪ್ಪಿದರು.

ಪ್ರಾರ್ಥಿಸುವವರಿಗೆ: ಪ್ರಾರ್ಥನೆ ನಿಲ್ಲಿಸಬೇಡಿ, ದೇವರು ಸ್ವಸ್ಥಮಾಡುತ್ತಾನೆ ಅಂತ ನಾನು ಇವತ್ತೂ ನಂಬ್ತೀನಿ. ಆದರೆ ಯಾರಿಗೂ ಮಾತ್ರೆ ನಿಲ್ಲಿಸು ಅಂತ ಹೇಳಬೇಡಿ. ಹಿಜ್ಕೀಯನ ಹುಣ್ಣಿಗೆ ಅಂಜೂರದ ಉಂಡೆ ಇಡಿಸಿದ್ದು ಪ್ರವಾದಿ ಯೆಶಾಯ. ಪೌಲನು ಪ್ರಿಯನೆಂದು ಕರೆದ ಲೂಕ ಒಬ್ಬ ವೈದ್ಯ.

ತಮ್ಮನಿಗೆ ಪೂರ್ತಿ ವಾಸಿಯಾಗಿಲ್ಲ. ಔಷಧಿ ಇದೆ, ದಿನಾ ವ್ಯಾಯಾಮ ಇದೆ. ಈಗ ರಾತ್ರಿ ನಿದ್ದೆ ಮಾಡ್ತಾನೆ. ನಾನು ಕ್ಷಮೆ ಕೇಳಿದಾಗ ಅವನು ಹೇಳಿದ: "ಅಣ್ಣ, ನೀನು ಪ್ರಾರ್ಥನೆ ಮಾಡಿದ್ದಕ್ಕೆ ನನಗೆ ಬೇಜಾರಿಲ್ಲ. ಆಮೇಲೆ ನೀನು ನನ್ನ ಮಾತು ಕೇಳಿಸಿಕೊಳ್ಳೋಕೆ ಬರಲಿಲ್ಲ, ಅದಕ್ಕೆ ಬೇಜಾರು."

ಈ ವಾರ ನಿಮ್ಮ ಮನೆಯಲ್ಲಿ, ಪಿಜಿಯಲ್ಲಿ, ಕೆಲಸದ ಜಾಗದಲ್ಲಿ ಬಹಳ ದಿನದಿಂದ ನೋವು ಅನ್ನುತ್ತಿರುವ ಒಬ್ಬರ ಪಕ್ಕ ಕೂತು ಅವರ ಮಾತು ಪೂರ್ತಿ ಕೇಳಿ.

ಪ್ರಾರ್ಥಿಸೋಣ. ಪರಲೋಕದ ತಂದೆಯೇ, ನೋವನ್ನು ಮುಚ್ಚಿಟ್ಟುಕೊಂಡಿರುವ ನಿನ್ನ ಮಕ್ಕಳಿಗೆ ಬಾಯಿ ತೆರೆಯುವ ಧೈರ್ಯ ಕೊಡು. ನಮಗೆ ಕೇಳುವ ಕಿವಿ ಕೊಡು. ಡಾಕ್ಟರ್‌ಗಳಿಗೆ, ನರ್ಸ್‌ಗಳಿಗೆ ತಾಳ್ಮೆ ಮತ್ತು ಜ್ಞಾನ ಕೊಡು. ಯೇಸುವಿನ ನಾಮದಲ್ಲಿ ಬೇಡುತ್ತೇವೆ ತಂದೆಯೇ. ಆಮೆನ್.