ಮೊದಲು ಹಾಡು, ಆಮೇಲೆ ದೀಪ

ಪ್ರೀತಿಯ ಮಗನೇ,

ಹೊಸ ಮನೆಗೆ ಹಾಡಿನ ತಾಳಕ್ಕೆ ಕುಣಿಯುವ ದೀಪ ಹಾಕಬೇಕು, ಏನೇನು ಕೊಳ್ಳಬೇಕೋ ಪಟ್ಟಿ ಕಳಿಸಿ ದೊಡ್ಡಪ್ಪ ಎಂದು ಕೇಳಿದ್ದೀಯ. ಒಹಾಯೊದಲ್ಲಿ ಹೊಸದಾಗಿ ಮನೆ ಮಾಡಿದ ಬೇರೆ ಹುಡುಗ ಹುಡುಗಿಯರೂ ಇದನ್ನೇ ಕೇಳುತ್ತಿದ್ದಾರೆ. ಅದಕ್ಕೇ ಎಲ್ಲರೂ ಓದಲೆಂದು ಬಹಿರಂಗವಾಗಿ ಬರೆಯುತ್ತಿದ್ದೇನೆ.

ಪಟ್ಟಿ ಕೊಡುವುದಿಲ್ಲ. ಸದ್ಯಕ್ಕೆ ಏನನ್ನೂ ಕೊಳ್ಳಬೇಡ. ಎಕ್ಸ್‌ಲೈಟ್ಸ್ ಎಂಬ ತಂತ್ರಾಂಶ ಉಚಿತವಾಗಿ ಸಿಗುತ್ತದೆ, ಅದನ್ನು ನಿನ್ನ ಲ್ಯಾಪ್‌ಟಾಪಿಗೆ ಇಳಿಸಿಕೊ. ರಸ್ತೆಯ ಆಚೆ ಬದಿ ನಿಂತು ಮನೆಯ ಫೋಟೊ ತೆಗೆದು ಅದರೊಳಗೆ ಹಾಕು. ಸೂರಿನ ಅಂಚಿಗೆ ಒಂದು ಸಾಲು, ಕಿಟಕಿಯ ಸುತ್ತ ಒಂದು ಚೌಕಟ್ಟು, ಹುಲ್ಲಿನ ಮೇಲೆ ಎರಡು ಕಮಾನು ಎಂದು ಆ ಫೋಟೊದ ಮೇಲೆಯೇ ಗುರುತು ಮಾಡಿದರೆ ಸಾಕು, ಪರದೆಯ ಮೇಲೆ ಅವು ದೀಪಗಳಾಗಿ ಉರಿಯುತ್ತವೆ. ಒಂದು ಡಾಲರ್ ಬಿಚ್ಚದೆ ಇಡೀ ಪ್ರದರ್ಶನವನ್ನು ಕುಳಿತಲ್ಲೇ ನೋಡಬಹುದು. ಈ ಕೆಲಸ ನಿನಗೆ ಹಿಡಿಸುತ್ತದೆಯೋ ಇಲ್ಲವೋ ಎಂಬುದೂ ಅಲ್ಲೇ ಗೊತ್ತಾಗುತ್ತದೆ.

ಒಂದು ಹಾಡು ಆರಿಸಿಕೊ, ಒಂದೇ ಒಂದು. ಅದನ್ನು ಕಣ್ಣು ಮುಚ್ಚಿ ಕೇಳು. ತಾಳ ಎಲ್ಲಿ ಬೀಳುತ್ತದೆ, ಪಲ್ಲವಿ ಎಲ್ಲಿ ಮರಳುತ್ತದೆ, ವಾದ್ಯಗಳೆಲ್ಲ ನಿಂತು ಕೊಳಲೊಂದೇ ಉಳಿಯುವುದು ಎಲ್ಲಿ ಎಂದು ಗುರುತು ಹಾಕುತ್ತಾ ಹೋಗು. ಸೆಕೆಂಡಿಗೆ 40 ಫ್ರೇಮ್‌ಗಳಂತೆ ಮೂರು ನಿಮಿಷದ ಹಾಡಿಗೆ 7,200 ಫ್ರೇಮ್‌ಗಳಾಗುತ್ತವೆ. ಒಂದೊಂದನ್ನೂ ಕೈಯಲ್ಲಿ ಬರೆಯಬೇಕಿಲ್ಲ, ತಂತ್ರಾಂಶ ಅಷ್ಟರಮಟ್ಟಿಗೆ ನೆರವಾಗುತ್ತದೆ. ಆದರೆ ಯಾವಾಗ ಏನು ಹೊತ್ತಬೇಕು, ಅದಕ್ಕಿಂತ ಮುಖ್ಯವಾಗಿ ಯಾವಾಗ ಏನು ಆರಬೇಕು ಎಂದು ನಿರ್ಧರಿಸುವವನು ನೀನೇ. ಹೊಸಬರು ಮಾಡಿದ್ದನ್ನು ನೋಡು: ಮೊದಲ ಸ್ವರದಿಂದ ಕೊನೆಯ ಸ್ವರದವರೆಗೆ ಮನೆಯೆಲ್ಲ ಮಿನುಗುತ್ತಲೇ ಇರುತ್ತದೆ. ಒಂದು ನಿಮಿಷದಲ್ಲಿ ಕಣ್ಣು ದಣಿಯುತ್ತದೆ. ಕೊಳಲು ಒಂಟಿಯಾದಾಗ ಕಿಟಕಿಯೊಂದನ್ನು ಬಿಟ್ಟು ಉಳಿದುದನ್ನೆಲ್ಲ ಆರಿಸು, ಡೋಲು ಮರಳಿದಾಗ ಸೂರು ಪೂರ್ತಿ ಬೆಳಗಲಿ. ನೋಡುವ ಮಕ್ಕಳು ಕೂಗುವುದು ಅಲ್ಲೇ.

ನಿನ್ನ ರಾಜ್ಯದ್ದೇ ಒಂದು ಉದಾಹರಣೆ ಇದೆ. ಸಿನ್ಸಿನಾಟಿಯ ಪಕ್ಕದ ಮೇಸನ್ ಪಟ್ಟಣದಲ್ಲಿ ಕಾರ್ಸನ್ ವಿಲಿಯಮ್ಸ್ ಎಂಬ ಎಲೆಕ್ಟ್ರಿಕಲ್ ಎಂಜಿನಿಯರ್ 2004ರಲ್ಲಿ ತಮ್ಮ ಮನೆಗೆ 16,000 ದೀಪ ಹಾಕಿ, ಟ್ರಾನ್ಸ್-ಸೈಬೀರಿಯನ್ ಆರ್ಕೆಸ್ಟ್ರಾದ ‘ವಿಝರ್ಡ್ಸ್ ಇನ್ ವಿಂಟರ್’ಗೆ ಕುಣಿಸಿದರು. ಅದರ ವಿಡಿಯೊ ಮರುವರ್ಷ ಜಗತ್ತಿನಾದ್ಯಂತ ಓಡಾಡಿತು. ಆ 16,000 ದೀಪಗಳನ್ನು ಅವರು ಆಳಿದ್ದು ಲೈಟ್-ಒ-ರಾಮಾ ನಿಯಂತ್ರಕಗಳ 88 ಚಾನೆಲ್‌ಗಳಿಂದ. ಒಂದು ಚಾನೆಲ್‌ಗೆ ಸೇರಿದ ದೀಪಗಳೆಲ್ಲ ಒಟ್ಟಿಗೆ ಹೊತ್ತಿ ಒಟ್ಟಿಗೆ ಆರಬೇಕು, ಬಣ್ಣ ಬದಲಿಸುವ ಮಾತಿಲ್ಲ. ಇವತ್ತು ನೀನು ಕೊಳ್ಳಬಹುದಾದ 50 ಪಿಕ್ಸೆಲ್‌ಗಳ, ಅಂದರೆ ಒಂದೊಂದನ್ನೂ ಬೇರೆಯಾಗಿ ಆಳಬಹುದಾದ ದೀಪಗಳ, ಒಂದೇ ಒಂದು ಸರದಲ್ಲಿ, ದೀಪಕ್ಕೆ ಕೆಂಪು, ಹಸಿರು, ನೀಲಿ ಎಂದು ಮೂರರಂತೆ 150 ಚಾನೆಲ್‌ಗಳಿರುತ್ತವೆ. ಅವರ ಇಡೀ ಮನೆಗಿಂತ ನಿನ್ನ ಒಂದು ಸರಕ್ಕೆ ಹೆಚ್ಚು ಮಾತು ಬರುತ್ತದೆ! ಆದರೂ ಅಷ್ಟು ಚೆನ್ನಾಗಿ ಮಾತಾಡುವ ಮನೆಗಳು ಕಡಿಮೆ. ವಿಲಿಯಮ್ಸ್ ಹಾಡನ್ನು ಕೇಳಿಸಿಕೊಂಡಿದ್ದರು. ಹತ್ತು ಸಾವಿರ ಪಿಕ್ಸೆಲ್ ಬೇಕೆಂದು ನಿನಗೆ ಅನಿಸಿದಾಗಲೆಲ್ಲ ಆ 88ನ್ನು ನೆನೆದುಕೊ.

ಆ ಹಾಡು ಪರದೆಯ ಮೇಲೆ ನಿನಗೇ ಇಷ್ಟವಾದ ಮೇಲೆ ಸಾಮಾನಿನ ಮಾತು. ಮೊದಲ ವರ್ಷಕ್ಕೆ ಸೂರಿನ ಅಂಚು ಮತ್ತು ಎರಡು ಕಮಾನು ಸಾಕು. ಡಬ್ಲ್ಯುಎಸ್2811 ಚಿಪ್ ಇರುವ 12 ವೋಲ್ಟ್ ಪಿಕ್ಸೆಲ್‌ಗಳು, ಪಿಕ್ಸೆಲ್ ನಿಯಂತ್ರಕ ಒಂದು, 12 ವೋಲ್ಟ್‌ನ ಪವರ್ ಸಪ್ಲೈ, ಹಾಡನ್ನೂ ದೀಪವನ್ನೂ ಒಟ್ಟಿಗೆ ನಡೆಸಲು ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರಿನ ಮೇಲೆ ಫಾಲ್ಕನ್ ಪ್ಲೇಯರ್ ತಂತ್ರಾಂಶ. ಇಷ್ಟೇ.

ಈ ಪಿಕ್ಸೆಲ್ ಕೆಲಸ ಮಾಡುವ ಬಗೆಯನ್ನು ಮಾತ್ರ ಸರಿಯಾಗಿ ಅರ್ಥ ಮಾಡಿಕೊ. ಊಟದ ಪಂಕ್ತಿಯಲ್ಲಿ ಮೊದಲು ಕೂತವನು ಬಾಳೆಲೆಯ ಕಟ್ಟಿನಿಂದ ತನ್ನ ಎಲೆ ತೆಗೆದುಕೊಂಡು ಉಳಿದುದನ್ನು ಪಕ್ಕದವನಿಗೆ ದಾಟಿಸುತ್ತಾನಲ್ಲ, ಹಾಗೆ. ನಿಯಂತ್ರಕ ಕಳಿಸಿದ ಮಾಹಿತಿಯಲ್ಲಿ ಮೊದಲ 24 ಬಿಟ್‌ಗಳನ್ನು ಮೊದಲ ದೀಪ ಇಟ್ಟುಕೊಂಡು ಮಿಕ್ಕದ್ದನ್ನು ಮುಂದಕ್ಕೆ ಬಿಡುತ್ತದೆ. ಆದ್ದರಿಂದ ನಡುವೆ ಒಂದು ಕೆಟ್ಟರೆ ಅಲ್ಲಿಂದಾಚೆಗೆ ಮಾಹಿತಿ ಹೋಗುವುದಿಲ್ಲ. ಆಗ ಇಡೀ ಸರ ಕೀಳಬೇಡ. ದೋಷ ಇರುವುದು ಕೆಟ್ಟು ನಿಂತ ಮೊದಲ ದೀಪದಲ್ಲಿ, ಇಲ್ಲವೇ ಅದರ ಹಿಂದಿನ, ಸರಿಯಾಗಿ ಉರಿಯುತ್ತಿರುವ ಕೊನೆಯ ದೀಪದಲ್ಲಿ.

ಸರದ ತುದಿ ಬಿಳಿಯ ಬದಲು ಕೆಂಪಗೆ ಕಂಡರೆ ಅದು ಬೇರೆ ಕಾಯಿಲೆ. ತಂತಿಯಲ್ಲಿ ಸಾಗುತ್ತಾ ವೋಲ್ಟೇಜ್ ಇಳಿದಿದೆ ಎಂದರ್ಥ. ನೀಲಿ, ಹಸಿರು ಎಲ್‌ಇಡಿಗಳಿಗೆ ಕೆಂಪಿಗಿಂತ ಹೆಚ್ಚು ವೋಲ್ಟೇಜ್ ಬೇಕು, ಹಾಗಾಗಿ ಮೊದಲು ಮಂಕಾಗುವುದು ಅವೇ. ಪವರ್ ಸಪ್ಲೈನಿಂದ ಸರದ ಆ ತುದಿಗೂ ಫ್ಯೂಸ್ ಹಾಕಿದ ತಂತಿಯೊಂದನ್ನು ಎಳೆದು ಕೊಡು. ಬೆಳಕನ್ನು ಶೇಕಡಾ 30ಕ್ಕೆ ಇಳಿಸಿದರೂ ಈ ತೊಂದರೆ ಬಹುಪಾಲು ಹೋಗುತ್ತದೆ. ರಾತ್ರಿ ನೋಡುವ ಕಣ್ಣಿಗೆ ಅಷ್ಟು ಧಾರಾಳವಾಗಿ ಸಾಕು.

12 ವೋಲ್ಟ್ ಮುಟ್ಟಿದರೆ ಶಾಕ್ ಹೊಡೆಯುವುದಿಲ್ಲ ಎಂದು ಸದರ ಬೇಡ. ಫ್ಯೂಸ್ ಇಲ್ಲದ 12 ವೋಲ್ಟ್ ತಂತಿ ಶಾರ್ಟ್ ಆದರೆ ಬೆಂಕಿ ಹಚ್ಚುತ್ತದೆ. ಪವರ್ ಸಪ್ಲೈನ ಇನ್ನೊಂದು ಬದಿಗೆ ಬರುವುದಂತೂ ಗೋಡೆಯ 120 ವೋಲ್ಟ್. ಹಲವು ಪವರ್ ಸಪ್ಲೈಗಳಲ್ಲಿ 115, 230 ಎಂದು ಬರೆದ ಸಣ್ಣ ಸ್ವಿಚ್ ಇರುತ್ತದೆ, ಕರೆಂಟ್ ಕೊಡುವ ಮೊದಲೇ ಅದು 115ರಲ್ಲಿದೆಯೇ ನೋಡು. ಹೊರಗಿನ ಪ್ಲಗ್ ಜಿಎಫ್‌ಸಿಐ ಆಗಿರಲೇಬೇಕು: ನಾಲ್ಕಾರು ಮಿಲಿಆಂಪ್ ಸೋರಿದರೂ ಅದು ಕರೆಂಟ್ ಕಡಿಯುತ್ತದೆ. ಮಳೆ ಬಂದಾಗ ಅದು ಪದೇಪದೇ ಬೀಳುತ್ತಿದ್ದರೆ ಎಲ್ಲಿ ನೀರು ನುಗ್ಗಿದೆ ಎಂದು ಹುಡುಕು, ಜಿಎಫ್‌ಸಿಐ ತಪ್ಪಿಸಿ ಬೇರೆ ಪ್ಲಗ್‌ಗೆ ಮಾತ್ರ ಕೊಡಬೇಡ. ನಿಯಂತ್ರಕ, ಪವರ್ ಸಪ್ಲೈ ಇಡುವ ಪೆಟ್ಟಿಗೆಗೆ ತಂತಿಗಳು ಕೆಳಗಿನಿಂದ ಒಳಹೋಗಲಿ, ಹೋಗುವ ಮೊದಲು ಸ್ವಲ್ಪ ಜೋತುಬಿದ್ದಿರಲಿ. ಹರಿದು ಬಂದ ನೀರು ಆ ತಗ್ಗಿನಲ್ಲೇ ತೊಟ್ಟಿಕ್ಕಿ ಹೋಗುತ್ತದೆ. ಈ 120 ವೋಲ್ಟ್‌ನ ಕೆಲಸ ಕೈಗೆ ಹತ್ತದಿದ್ದರೆ ಎಲೆಕ್ಟ್ರೀಷಿಯನ್‌ನನ್ನು ಕರೆ. ಇದೊಂದರಲ್ಲಿ ದುಡ್ಡು ಉಳಿಸುವುದನ್ನು ನಾನು ಒಪ್ಪುವುದಿಲ್ಲ.

ನನಗೆ ತುಂಬಾ ಆಸೆ ಇರುವ ಸಂಗತಿಯೊಂದಿದೆ. ದೀಪದಿಂದ ಮಾಡಿದ ಮುಖಗಳು ಬಾಯಿ ಆಡಿಸಿ ಹಾಡುವುದನ್ನು ನೋಡಿದ್ದೀಯಲ್ಲ? ಅವಕ್ಕೆ ಬಾಯಿಯ ಹತ್ತು ಆಕಾರಗಳು ಸಾಕಾಗುತ್ತವೆ. ಹಾಡಿನ ಪದಗಳನ್ನು ತಂತ್ರಾಂಶ ತನ್ನ ನಿಘಂಟಿನಲ್ಲಿ ಹುಡುಕಿ ಆಕಾರ ಜೋಡಿಸುತ್ತದೆ, ಆದರೆ ಆ ನಿಘಂಟು ಇಂಗ್ಲಿಷಿನದು. ಕನ್ನಡ ಪದಕ್ಕೆ ನೀನೇ ಹೇಳಿಕೊಡಬೇಕು. ಕಷ್ಟವೇನಿಲ್ಲ, ನಮ್ಮ ವರ್ಣಮಾಲೆ ಅರ್ಧ ಕೆಲಸ ಮಾಡಿಟ್ಟಿದೆ: ಪ, ಫ, ಬ, ಭ, ಮ ಐದಕ್ಕೂ ತುಟಿ ಮುಚ್ಚಿದ ಒಂದೇ ಆಕಾರ. ಅಮೆರಿಕದಲ್ಲಿ ನಮ್ಮವರು ಅನೇಕರು ದೀಪಾವಳಿಗೆ ಹಾಕಿದ ದೀಪವನ್ನು ಕ್ರಿಸ್‌ಮಸ್ ಮುಗಿಯುವವರೆಗೆ ಇಳಿಸುವುದಿಲ್ಲ. ಹಾಗಿದ್ದ ಮೇಲೆ ಮೊದಲ ವಾರ ಆ ಮುಖಗಳು ಕನ್ನಡದಲ್ಲೇ ಹಾಡಲಿ. ನಿನ್ನ ಮಗಳು ತನ್ನ ಗೆಳತಿಯರಿಗೆ ಅರ್ಥ ಹೇಳಿಕೊಡುತ್ತಾಳೆ.

ಅಕ್ಕಪಕ್ಕದವರಿಗೆ ಮುಂಚೆಯೇ ಹೋಗಿ ಹೇಳು. ಬಡಾವಣೆಯ ಸಂಘದ ನಿಯಮ ಓದು. ಸ್ಪೀಕರ್ ಇಟ್ಟು ಮೊಳಗಿಸಬೇಡ. ವಿಲಿಯಮ್ಸ್ ಆಗಲೇ ಸಣ್ಣ ಎಫ್‌ಎಂ ಪ್ರಸಾರ ಇಟ್ಟಿದ್ದರು, ಬಂದವರು ಕಾರಿನ ರೇಡಿಯೊದಲ್ಲೇ ಹಾಡು ಕೇಳುತ್ತಿದ್ದರು. ನೀನೂ ಹಾಗೆ ಮಾಡುವುದಾದರೆ ಲೈಸೆನ್ಸ್ ಇಲ್ಲದ ಪ್ರಸಾರಕ್ಕೆ ಅಮೆರಿಕದ ಕಾನೂನು ಇಟ್ಟಿರುವ ಮಿತಿ ಸುಮಾರು 200 ಅಡಿ, ಅದನ್ನು ಮೀರಬೇಡ. ಅಷ್ಟೆಲ್ಲ ಕಾಳಜಿ ಮಾಡಿದರೂ ವಿಲಿಯಮ್ಸ್ 2005ರ ಡಿಸೆಂಬರ್‌ನಲ್ಲಿ ದೀಪ ಆರಿಸಬೇಕಾಯಿತು. ನೋಡಲು ಬಂದ ಕಾರುಗಳು ರಸ್ತೆ ತುಂಬಿ, ಬಡಾವಣೆಯಲ್ಲಿ ಆದ ಅಪಘಾತದ ಸ್ಥಳಕ್ಕೆ ಪೊಲೀಸರು ತಲುಪುವುದು ಕಷ್ಟವಾಗಿತ್ತು. ನಿನ್ನ ಬೀದಿಯಲ್ಲಿ ಆಂಬುಲೆನ್ಸ್ ಹೋಗುವಷ್ಟು ದಾರಿ ಸದಾ ಇರುವಂತೆ ನೋಡಿಕೊ. ರಾತ್ರಿ ಒಂಬತ್ತೂವರೆಗೆ ತಾನಾಗಿ ನಿಲ್ಲುವಂತೆ ಸಮಯ ಹೊಂದಿಸು. ಫಳಫಳ ಹೊಡೆಯುವ ಬಿಳಿ ಬೆಳಕನ್ನು ಸೆಕೆಂಡಿಗೆ ಮೂರಕ್ಕಿಂತ ಹೆಚ್ಚು ಸಲ ಹಾಯಿಸಬೇಡ, ಅಪಸ್ಮಾರ ಇರುವವರಿಗೆ ಅದು ಅಪಾಯ.

ಪಿಕ್ಸೆಲ್‌ಗಳು ಹೆಚ್ಚಾಗಿ ಚೀನಾದಿಂದ ಬರುತ್ತವೆ. ಅಲ್ಲಿನ ಹೊಸ ವರ್ಷಕ್ಕೆ ಕಾರ್ಖಾನೆಗಳು ಮುಚ್ಚಿರುತ್ತವೆ, ಹಡಗಿನಲ್ಲಿ ಬರಲು ವಾರಗಟ್ಟಲೆ ಹಿಡಿಯುತ್ತದೆ. ವಸಂತದಲ್ಲಿ ತರಿಸಿದರೆ ಬೇಸಿಗೆಯಲ್ಲಿ ಗ್ಯಾರೇಜಿನಲ್ಲೇ ಕಮಾನು ಕಟ್ಟಿ ಉರಿಸಿ ನೋಡಬಹುದು. ಅಷ್ಟರಲ್ಲಿ ಹಾಡು ಆರಿಸಿ, ಮೊದಲ ಒಂದು ನಿಮಿಷ ಜೋಡಿಸಿ ನನಗೆ ಆ ಕಡತ ಕಳಿಸು. ಕೂತು ನೋಡುತ್ತೇನೆ.

ಇತಿ,
ನಿನ್ನ ದೊಡ್ಡಪ್ಪ