ಬರೆದಿಟ್ಟ ಮಳೆಯ ಲೆಕ್ಕ ಎಲ್ಲಿ ಹೋಯಿತು?

ಮಕ್ಕಳೇ, ನೀವು ದಿನವೂ ಬೆಳಿಗ್ಗೆ 8.30ಕ್ಕೆ ಶಾಲೆಯ ಮಳೆಮಾಪಕವನ್ನು ನೋಡಿ ಮಳೆಯನ್ನು ಅಳೆಯುತ್ತೀರಿ ಎಂದುಕೊಳ್ಳಿ. ಅದನ್ನು ದಾಖಲಿಸಲು ಪೈಥಾನ್ ಭಾಷೆಯಲ್ಲಿ ಪುಟ್ಟದೊಂದು ಪ್ರೋಗ್ರಾಂ ಬರೆದಿದ್ದೀರಿ. ಸೋಮವಾರ 12 ಮಿ.ಮೀ., ಮಂಗಳವಾರ 8 ಮಿ.ಮೀ., ಬುಧವಾರ 5 ಮಿ.ಮೀ. ಮಳೆ ಬಂತು. ಗುರುವಾರ ಕಡತವನ್ನು ತೆರೆದರೆ ಅಲ್ಲಿ 5 ಮಾತ್ರ ಇದೆ! ಸೋಮವಾರದ ಮಳೆಯನ್ನು ಮತ್ತೆ ಅಳೆಯಲು ಸಾಧ್ಯವೇ? ಖಂಡಿತ ಇಲ್ಲ. ಹಾಗಾದರೆ ತಪ್ಪು ಎಲ್ಲಾಯಿತು?

ಪ್ರೋಗ್ರಾಂ ನಡೆಯುವಾಗ ಅಂಕಿಗಳು ಗಣಕಯಂತ್ರದ ತಾತ್ಕಾಲಿಕ ಸ್ಮೃತಿಯಲ್ಲಿ ಇರುತ್ತವೆ. ಪ್ರೋಗ್ರಾಂ ನಿಂತರೆ ಅವು ಹೋಗುತ್ತವೆ. ಅವು ಉಳಿಯಬೇಕಾದರೆ ಡಿಸ್ಕಿನಲ್ಲಿರುವ ಕಡತಕ್ಕೆ ಬರೆಯಬೇಕು. ಬೇಕಾದಾಗ ಅಲ್ಲಿಂದ ಓದಬೇಕು. ಬರೆಯುವುದು ಒಂದು ಕೆಲಸ, ಓದುವುದು ಇನ್ನೊಂದು. ಆದ್ದರಿಂದ ಮೊದಲು ಕೇಳಬೇಕಾದ ಪ್ರಶ್ನೆ: ತಪ್ಪು ಬರೆಯುವಾಗ ಆಯಿತೇ, ಓದುವಾಗ ಆಯಿತೇ?

ಇದನ್ನು ತಿಳಿಯುವುದು ಸುಲಭ. ಮೊದಲು ಕಡತದ ಒಂದು ಪ್ರತಿಯನ್ನು ಬೇರೆ ಹೆಸರಿನಲ್ಲಿ ತೆಗೆದಿಡಿ. ಅನಂತರ ಕಡತವನ್ನು ನೋಟ್‌ಪ್ಯಾಡ್‌ನಲ್ಲಿ ತೆರೆದು ನಿಮ್ಮ ಕಣ್ಣಿನಿಂದಲೇ ನೋಡಿ. ಅಂಕಿಗಳು ಸರಿಯಾಗಿದ್ದರೆ ತಪ್ಪು ಓದುವ ಭಾಗದಲ್ಲಿದೆ. ಇಲ್ಲದಿದ್ದರೆ ಬರೆಯುವ ಭಾಗದಲ್ಲಿದೆ.

ಬರೆಯುವಾಗ ಆಗುವ ತಪ್ಪುಗಳು

1. ಹಳೆಯದು ಅಳಿಸಿಹೋಗುವುದು: ಕಡತವನ್ನು 'ಡಬ್ಲ್ಯೂ' ಅಕ್ಷರ ಕೊಟ್ಟು ತೆರೆದರೆ, ಸ್ಲೇಟನ್ನು ಒರೆಸಿ ಹೊಸದಾಗಿ ಬರೆದಂತೆ. ಹಳೆಯ ಅಂಕಿಗಳ ಕೊನೆಗೆ ಸೇರಿಸಲು 'ಎ' ಅಕ್ಷರ ಕೊಡಬೇಕು. ನಮ್ಮ ಸೋಮವಾರದ ಮಳೆ ಮಾಯವಾದದ್ದು ಹೀಗೆಯೇ.

2. ಸಾಲು ಮುರಿಯದಿರುವುದು: ಪ್ರತಿ ಅಂಕಿಯ ಕೊನೆಗೆ ಹೊಸ ಸಾಲಿನ ಗುರುತು ಹಾಕದಿದ್ದರೆ 12, 8, 5 ಸೇರಿ ಕಡತದಲ್ಲಿ 1285 ಎಂದಾಗುತ್ತದೆ.

3. ಕಡತ ಮುಚ್ಚದಿರುವುದು: ಬರೆದದ್ದು ಕೂಡಲೇ ಡಿಸ್ಕಿಗೆ ಹೋಗುವುದಿಲ್ಲ, ಸ್ವಲ್ಪ ಹೊತ್ತು ಸ್ಮೃತಿಯಲ್ಲೇ ಕಾದಿರಬಹುದು. ಅಷ್ಟರಲ್ಲಿ ಕರೆಂಟು ಹೋದರೆ ಅದು ನಷ್ಟವಾಗಬಹುದು. 'ಕ್ಲೋಸ್' ಆಜ್ಞೆಯನ್ನು ಮರೆಯಬೇಡಿ.

4. ಬೇರೆ ಫೋಲ್ಡರ್: 'ಎ' ಅಥವಾ 'ಡಬ್ಲ್ಯೂ' ಕೊಟ್ಟಾಗ ಆ ಹೆಸರಿನ ಕಡತ ಸಿಗದಿದ್ದರೆ ಪೈಥಾನ್ ಸದ್ದಿಲ್ಲದೆ ಹೊಸ ಕಡತವನ್ನೇ ಮಾಡಿಬಿಡುತ್ತದೆ. ನಿಮ್ಮ ಹಳೆಯ ಕಡತ ಇನ್ನೊಂದು ಫೋಲ್ಡರ್‌ನಲ್ಲಿ ಸುರಕ್ಷಿತವಾಗಿರಬಹುದು. ಹುಡುಕಿ ನೋಡಿ.

ಓದುವಾಗ ಆಗುವ ತಪ್ಪು

ಕಡತದಿಂದ ಓದಿದ 12 ನಮಗೆ ಸಂಖ್ಯೆ. ಪೈಥಾನ್‌ಗೆ ಅದು 1 ಮತ್ತು 2 ಎಂಬ ಎರಡು ಅಕ್ಷರಗಳು ಮಾತ್ರ. 'ಸ್ಪ್ಲಿಟ್' ಬಳಸಿ ಅಂಕಿಗಳನ್ನು ಬೇರ್ಪಡಿಸಿ, 12 ಮತ್ತು 8ರ ನಡುವೆ ಕೂಡು ಚಿಹ್ನೆ ಹಾಕಿ ನೋಡಿ. ಉತ್ತರ 20 ಅಲ್ಲ, 128! ಅಕ್ಷರಗಳನ್ನು ಪಕ್ಕಪಕ್ಕದಲ್ಲಿ ಜೋಡಿಸಿಬಿಟ್ಟಿತು. ಕೂಡುವ ಮೊದಲು 'ಇಂಟ್' ಆಜ್ಞೆಯಿಂದ ಅವನ್ನು ಸಂಖ್ಯೆಯಾಗಿ ಬದಲಾಯಿಸಬೇಕು. 12.5 ಮಿ.ಮೀ.ನಂತಹ ದಶಮಾಂಶವಿದ್ದರೆ 'ಫ್ಲೋಟ್' ಬಳಸಬೇಕು.

ನೆನಪಿಡಿ: ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ, ಮತ್ತೆ ಪರೀಕ್ಷಿಸಿ. ನಾಲ್ಕು ಬದಲಾವಣೆಗಳನ್ನು ಒಟ್ಟಿಗೆ ಮಾಡಿದರೆ ಯಾವುದರಿಂದ ಸರಿಹೋಯಿತು ಎಂದು ತಿಳಿಯುವುದೇ ಇಲ್ಲ. ಮಳೆಯ ಅಳತೆಯನ್ನು ಮೊದಲು ನೋಟುಪುಸ್ತಕದಲ್ಲಿ ಬರೆದು, ಆಮೇಲೆ ಗಣಕಯಂತ್ರಕ್ಕೆ ಹಾಕಿ. ಪ್ರೋಗ್ರಾಂ ತಪ್ಪಿದರೆ ತಿದ್ದಬಹುದು. ಕಳೆದುಹೋದ ಅಳತೆಯನ್ನು ತರಲಾಗದು.

ಮಾಡಿ ನೋಡಿ: ಒಂದೇ ಒಂದು ಅಂಕಿಯನ್ನು ಕಡತಕ್ಕೆ ಬರೆಯಿರಿ. ಪ್ರೋಗ್ರಾಂ ನಿಲ್ಲಿಸಿ, ಮತ್ತೆ ಶುರುಮಾಡಿ ಓದಿಸಿ. ಸರಿಯಾಗಿ ಬಂತೇ? ಈಗ ಎರಡನೆಯ ಅಂಕಿ ಸೇರಿಸಿ.

ಯೋಚಿಸಿ: ಮೂರು ದಿನದ ಮೊತ್ತ 25 ಬರಬೇಕಿತ್ತು, ಪರದೆಯ ಮೇಲೆ 1285 ಬಂದಿದೆ. ಇದಕ್ಕೆ ಎರಡು ಬೇರೆ ಬೇರೆ ಕಾರಣಗಳಿರಬಹುದು. ಅವು ಯಾವುವು? ನಿಮ್ಮ ಪ್ರೋಗ್ರಾಂನಲ್ಲಿ ಇರುವುದು ಯಾವುದೆಂದು ಹೇಗೆ ಪತ್ತೆ ಮಾಡುವಿರಿ?